ಬಾಣಲೆಯ ಹಳೆ ಎಣ್ಣೆ ಯಾರ ಪಾಲು?

(ಮೆಹದಿಪಟ್ಟಣಂನಲ್ಲಿ ಹೋಟೆಲ್ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಒಲೆಯ ಮುಂದೆ ನಿಲ್ಲುವವರು ನಾವು. ಬೆಳಿಗ್ಗೆ ವಡೆ, ಸಂಜೆ ಸಮೋಸ, ಮಿರ್ಚಿ ಬಜ್ಜಿ ಕರಿದ ಮೇಲೆ ಬಾಣಲೆಯಲ್ಲಿ ಉಳಿಯುವ ಕಪ್ಪು ಎಣ್ಣೆ ಎಲ್ಲಿಗೆ ಹೋಗುತ್ತದೆಂಬುದು ನಮಗೆ ಗೊತ್ತಿದೆ. ಒಂದಿಷ್ಟು ಮೋರಿಗೆ, ಒಂದಿಷ್ಟು ಹಿಂಬಾಗಿಲಿನಿಂದ ಅಗ್ಗದ ಬೆಲೆಗೆ ತಿಂಡಿ ಗಾಡಿಗಳಿಗೆ. ಆ ಗಾಡಿಯ ಮುಂದೆ ನಿಂತು ತಿನ್ನುವವರು ಯಾರು? ನಮ್ಮವರೇ, ನಮ್ಮ ಮಕ್ಕಳೇ.

ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳೆಂಬ ಕೆಟ್ಟ ಪದಾರ್ಥ ಬೆಳೆಯುತ್ತದೆ. ಅದು ನೂರಕ್ಕೆ 25 ಪಾಲು ಮೀರಿದರೆ ಆ ಎಣ್ಣೆಯಲ್ಲಿ ಅಡಿಗೆ ಮಾಡಕೂಡದೆಂದು 2018ರ ಜುಲೈ 1ರಿಂದ ನಿಯಮವಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ಹೋಟೆಲುಗಳು ಲೆಕ್ಕವಿಟ್ಟು, ಹಳೆಯದನ್ನು ಅನುಮತಿ ಪಡೆದ ಸಂಗ್ರಹಗಾರರಿಗೆ ಕೊಡಬೇಕು. ಅದು ಬಯೋಡೀಸೆಲ್ ಆಗುತ್ತದೆ, ಸಾಬೂನೂ ಆಗುತ್ತದೆ. ಸಣ್ಣ ಹೋಟೆಲಿನ ಎರಡು ಮೂರು ಲೀಟರನ್ನು ಕೇಳುವವರು ಯಾರು? ನಮ್ಮ ಕೆಲಸ ಅಲ್ಲಿಂದ ಆರಂಭವಾಗಲಿ.

ಸಾಬೂನಿಗೆ ದೊಡ್ಡ ಕಾರ್ಖಾನೆ ಬೇಡ. ಎಣ್ಣೆಯನ್ನು ಸೋಸಿ, ಕಿಲೋಗೆ ಸುಮಾರು 130 ಗ್ರಾಂ ಕಾಸ್ಟಿಕ್ ಸೋಡವನ್ನು ನೀರಿನಲ್ಲಿ ಕರಗಿಸಿ ಬೆರೆಸಿ, ಅಚ್ಚಿಗೆ ಹೊಯ್ದು, ನಾಲ್ಕಾರು ವಾರ ಒಣಗಿಸಬೇಕು. ಸೋಡ ಕೈ ಕಣ್ಣು ಸುಡುವಂಥದು. ಕೈಗವಸು, ಕನ್ನಡಕವಿಲ್ಲದೆ, ಬಲ್ಲವರಿಲ್ಲದೆ ಮುಟ್ಟಕೂಡದು. ನೀರಿಗೆ ಸೋಡ ಹಾಕಬೇಕೇ ಹೊರತು ಸೋಡದ ಮೇಲೆ ನೀರು ಹೊಯ್ಯಬಾರದು. ಅಲ್ಯೂಮಿನಿಯಂ ಪಾತ್ರೆ ಸಲ್ಲದು. ಈ ಸಾಬೂನು ಮೈಗೆ ಬೇಡ, ಪಾತ್ರೆಗೆ, ನೆಲಕ್ಕೆ ಸಾಕು. ಕೊಳ್ಳುವವರು ಅದೇ ಹೋಟೆಲುಗಳು.

ಇದು ಬರಿಯ ಕನಸೆನ್ನುವವರು ನಮ್ಮ ಊರಿನ ಬೋಯಿನ್‌ಪಲ್ಲಿ ಮಾರುಕಟ್ಟೆಯನ್ನು ನೆನೆಯಲಿ. ಅಲ್ಲಿ ಕೊಳೆತ ತರಕಾರಿಯಿಂದ ಗ್ಯಾಸು ತೆಗೆದು ವಿದ್ಯುತ್ ಮಾಡಿದರು. ದಿನಕ್ಕೆ ಸುಮಾರು 10 ಟನ್ ಕಸ, 500 ಯೂನಿಟ್ ವಿದ್ಯುತ್ ಎಂದು 2021ರಲ್ಲಿ ದೇಶವೆಲ್ಲ ಕೇಳಿತು. ಕಸ ಹುಟ್ಟಿದಲ್ಲೇ ಸರಕಾಯಿತು.

ಆದರೆ ಲಾಭ ಯಾರಿಗೆ? ಟಿನ್ನು ಹೊರುವವರು ನಾವು, ಹಣ ಎಣಿಸುವವರು ಬೇರೆಯವರು ಎಂದಾದರೆ ನಮಗೇನು ಬಂತು? ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಬೀದಿಗೆ ಬಿಟ್ಟಾಗ, ಎ. ಕೆ. ಗೋಪಾಲನ್ ಅವರ ಮಾತಿನಂತೆ ಅವರೇ ಸಹಕಾರ ಸಂಘ ಕಟ್ಟಿದರು. ಮೊದಲನೆಯದು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ. ಲೋಟ ತೊಳೆದ ಕೈಯೇ ಲೆಕ್ಕ ಬರೆಯಿತು.

ನಾವೂ ಹಾಗೆ ಮಾಡೋಣ. ಪ್ರತಿ ಅಡಿಗೆಮನೆಯಲ್ಲಿ ಹಳೆ ಎಣ್ಣೆಗೆ ಬೇರೆ ಟಿನ್ನು ಇರಲಿ. ಮಾಲೀಕರಿಗೆ ನ್ಯಾಯವಾದ ಬೆಲೆ ಸಲ್ಲಲಿ. ಇಲ್ಲವಾದರೆ ಹಿಂಬಾಗಿಲು ಮುಚ್ಚದು. ಸಹಕಾರ ಸಂಘವನ್ನು ನೋಂದಾಯಿಸಿ, ಸಂಗ್ರಹಕ್ಕೂ ತಯಾರಿಕೆಗೂ ಅನುಮತಿ ಪಡೆಯೋಣ. ಎಣ್ಣೆ ಸೋಸುವ ಕ್ಲೀನರ್ ಹುಡುಗರಿಗೆ ಆ ಕೆಲಸದ ಕೂಲಿ ಬೇರೆಯಾಗಿ ಸಿಗಲಿ.

ಹೆಸರು ಬರೆಸುವ ಪುಸ್ತಕ ಮೇಜಿನ ಮೇಲಿದೆ. ಮನೆಗೆ ಹೋಗುವ ಮುಂಚೆ ಬರೆಸಿರಿ.