ಪರವೂರಿನ ರೋಗಿಗೆ ಅರಳಿಕಟ್ಟೆ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಊರಿನಲ್ಲಿದ್ದಾಗ ವೈದ್ಯರ ಗುಣದೋಷಗಳನ್ನು ಯಾರೂ ನಮಗೆ ಬರೆದು ಕೊಡಬೇಕಾಗಿರಲಿಲ್ಲ. ಯಾರ ಕೈಗುಣ ಒಳ್ಳೆಯದು, ಯಾರ ಬಳಿ ಎಚ್ಚರದಿಂದಿರಬೇಕು ಎಂಬುದು ಅರಳಿಕಟ್ಟೆಯಲ್ಲಿಯೇ ತಿಳಿಯುತ್ತಿತ್ತು. ಪರವೂರಿಗೆ ಬಂದ ನಮಗೆ ಆ ಕಟ್ಟೆಯಿಲ್ಲ. ನಡುರಾತ್ರಿ ಮಗುವಿಗೆ ಜ್ವರವೇರಿದರೆ ಹತ್ತಿರ ಕಂಡ ಫಲಕವೇ ಗತಿ. ಅಪರಿಚಿತ ವೈದ್ಯನನ್ನು ನಂಬುವುದು ಹೇಗೆ? ಈ ಪ್ರಶ್ನೆಗೆ ಅಮೆರಿಕದವರು ಶಾಸನದ ಮೂಲಕ ಉತ್ತರ ಹುಡುಕಿದ ಬಗೆಯನ್ನು ನಾಲ್ಕು ಮಾತಿನಲ್ಲಿ ನಿಮ್ಮ ಮುಂದಿಡುತ್ತೇನೆ.

ಅಲ್ಲಿ ವೈದ್ಯರಿಗೆ ಪರವಾನಗಿ ಕೊಡುವುದು ಆಯಾ ರಾಜ್ಯದ ಮಂಡಲಿ. ಒಂದು ರಾಜ್ಯದಲ್ಲಿ ಅಪಕೀರ್ತಿ ಹೊತ್ತವರು ಅದನ್ನು ಮುಚ್ಚಿಟ್ಟು, ಗಡಿ ದಾಟಿ, ಮತ್ತೊಂದು ರಾಜ್ಯದಲ್ಲಿ ವೃತ್ತಿ ಹೂಡುತ್ತಿದ್ದುದುಂಟು. ಇದನ್ನು ತಡೆಯಲು 1986ರಲ್ಲಿ ಕೇಂದ್ರ ಶಾಸನವಾಯಿತು. 1990ರಲ್ಲಿ ರಾಷ್ಟ್ರೀಯ ದಾಖಲೆ ಭಂಡಾರ ತೆರೆಯಿತು. ಚಿಕಿತ್ಸೆಯ ದೋಷಕ್ಕಾಗಿ ವೈದ್ಯನ ಪರವಾಗಿ ಹಣ ತೆತ್ತ ವಿಮಾ ಕಂಪನಿ 30 ದಿನಗಳೊಳಗೆ ಅಲ್ಲಿಗೆ ವರದಿ ಮಾಡಬೇಕು. ಆಸ್ಪತ್ರೆಗಳು ವೈದ್ಯನನ್ನು ಸೇರಿಸಿಕೊಳ್ಳುವಾಗಲೂ, ಅನಂತರ ಎರಡು ವರ್ಷಕ್ಕೊಮ್ಮೆಯೂ ಅಲ್ಲಿ ವಿಚಾರಿಸಬೇಕು. ಆದರೆ ರೋಗಿಗೆ ಮಾತ್ರ ಬಾಗಿಲು ಮುಚ್ಚಿದೆ. ವೈದ್ಯನ ಹೆಸರು ಹಿಡಿದು ಅವನು ಏನನ್ನೂ ನೋಡುವಂತಿಲ್ಲ.

ಆ ಬಾಗಿಲನ್ನು ಮೊದಲು ತೆರೆದದ್ದು ಮ್ಯಾಸಚೂಸೆಟ್ಸ್ ರಾಜ್ಯದ 1996ರ ಶಾಸನ. ವೈದ್ಯನ ವಿದ್ಯಾಭ್ಯಾಸ, ಶಿಸ್ತು ಕ್ರಮ, ಹಿಂದಿನ 10 ವರ್ಷಗಳಲ್ಲಿ ತೆತ್ತ ಪರಿಹಾರ, ಇವೆಲ್ಲ ಸಾರ್ವಜನಿಕರಿಗೆ ತಿಳಿಯುವಂತಾಯಿತು. ಅದರಲ್ಲಿಯೂ ನ್ಯಾಯದೃಷ್ಟಿಯಿದೆ. ಪರಿಹಾರವನ್ನು ಅದೇ ವಿಭಾಗದ ಇತರ ವೈದ್ಯರೊಡನೆ ಹೋಲಿಸಿ, ಸರಾಸರಿ, ಅದಕ್ಕಿಂತ ಹೆಚ್ಚು, ಅದಕ್ಕಿಂತ ಕಡಿಮೆ ಎಂದು ತೋರಿಸುತ್ತಾರೆ. ಏಕೆಂದರೆ ಹೆರಿಗೆ ಮಾಡಿಸುವವರ ಮೇಲೆ, ಮಿದುಳಿನ ಶಸ್ತ್ರಚಿಕಿತ್ಸೆ ಮಾಡುವವರ ಮೇಲೆ ದಾವೆಗಳು ಹೆಚ್ಚು. ರಾಜಿಯಾಗಿ ಹಣ ಕೊಟ್ಟ ಮಾತ್ರಕ್ಕೆ ತಪ್ಪು ಮಾಡಿದನೆಂದು ಅರ್ಥವಲ್ಲ ಎಂಬ ಎಚ್ಚರಿಕೆಯನ್ನೂ ಜೊತೆಯಲ್ಲಿಯೇ ಬರೆದಿರುತ್ತಾರೆ. ಪಟ್ಟಿಯಿದ್ದರೆ ಸಾಲದು; ಅದು ರೋಗಿಯ ಕೈಗೂ ಸಿಗಬೇಕು, ವೈದ್ಯನಿಗೂ ಅನ್ಯಾಯವಾಗಬಾರದು.

ಇನ್ನು ನಮ್ಮ ಮಾತು. ಹಣ ತೆತ್ತು ಪಡೆದ ಚಿಕಿತ್ಸೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿತು. ಆದರೆ ನ್ಯಾಯ ಕೇಳಲು ಕೈಯಲ್ಲಿ ಕಾಗದ ಬೇಕು. ನನ್ನ ತಾಯಿಗೆ ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆ ಕೆಟ್ಟಾಗ, ಕೇಳಲು ಹೋದ ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದೆ. ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳಲ್ಲಿ ಇದೆಯೆಂಬುದು ನನಗೆ ತಿಳಿದದ್ದು ತಡವಾಗಿ.

ಆದುದರಿಂದ ನನ್ನ ವಿಜ್ಞಾಪನೆ ಇಷ್ಟೆ: ಚೀಟಿ, ರಸೀತಿ, ಪರೀಕ್ಷೆಯ ವರದಿಗಳನ್ನು ಜೋಪಾನವಾಗಿಡಿ. ಹೊಸದಾಗಿ ಬಂದ ಕನ್ನಡ ಕುಟುಂಬಕ್ಕೆ ನೀವು ಕಂಡ ಒಳ್ಳೆಯ ವೈದ್ಯರ ಹೆಸರು ಹೇಳಿ. ಗಾಳಿಮಾತಿನಿಂದ ಯಾರ ಹೆಸರನ್ನೂ ಕೆಡಿಸಬೇಡಿ. ಪರವೂರಿನಲ್ಲಿ ಈ ಸಂಘವೇ ನಮಗೆ ಅರಳಿಕಟ್ಟೆಯಾಗಲಿ.