110 ಕಿಲೋಮೀಟರ್, 25 ನಿಮಿಷ

ಉತ್ತರ ಧ್ರುವದ ಸಮೀಪದಲ್ಲಿ ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಿವೆ. ಅಲ್ಲಿನ ಲಾಂಗಿಯರ್‌ಬೀನ್ ಮತ್ತು ನೀ-ಓಲೆಸುಂಡ್ ವಿಮಾನ ನಿಲ್ದಾಣಗಳ ನಡುವೆ ನೇರ ದೂರ ಸುಮಾರು 110 ಕಿಲೋಮೀಟರ್. ನಮ್ಮ ವನದುರ್ಗದ ಸೀಮೆಯವರಿಗೆ ಹೇಳುವುದಾದರೆ, ಹೆಚ್ಚುಕಡಿಮೆ ಸುರಪುರದಿಂದ ಕಲಬುರಗಿಗೆ ಹೋದಷ್ಟು. ವ್ಯತ್ಯಾಸವೆಂದರೆ, ಅಲ್ಲಿ ಊರಿಂದ ಊರಿಗೆ ರಸ್ತೆಯೇ ಇಲ್ಲ.

ನಕಾಶೆ ನೋಡಿ ಈ ದೂರ ಅಳೆಯಹೊರಟರೆ ಮೋಸ ಹೋಗುತ್ತೇವೆ. ಎರಡೂ ನಿಲ್ದಾಣಗಳ ನಡುವೆ ರೇಖಾಂಶದ ಅಂತರ ಮೂರೂವರೆ ಡಿಗ್ರಿಗೂ ತುಸು ಹೆಚ್ಚು. ವನದುರ್ಗದ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 107 ಕಿಲೋಮೀಟರ್. ಅಷ್ಟೇ ಡಿಗ್ರಿ ಇಲ್ಲಿದ್ದಿದ್ದರೆ ದೂರ 380 ಕಿಲೋಮೀಟರ್ ದಾಟುತ್ತಿತ್ತು. ಧ್ರುವದತ್ತ ಸಾಗಿದಂತೆ ರೇಖೆಗಳು ಒಂದರ ಹತ್ತಿರ ಒಂದು ಬಂದು, 78 ಡಿಗ್ರಿಯ ಮೇಲೆ ಅದೇ ಒಂದು ಡಿಗ್ರಿ 22 ಕಿಲೋಮೀಟರಿಗೆ ಇಳಿದಿರುತ್ತದೆ. ಚಪ್ಪಟೆ ನಕಾಶೆ ಧ್ರುವಪ್ರದೇಶವನ್ನು ಎಳೆದು ಅಗಲ ಮಾಡಿ ತೋರಿಸುತ್ತದೆ. ವಿಮಾನದವರು ಲೆಕ್ಕ ಹಾಕುವುದು ಗೋಳದ ಮೇಲಿನ ಹತ್ತಿರದ ದಾರಿಯನ್ನು.

ಆ ಎರಡು ನಿಲ್ದಾಣಗಳ ನಡುವೆ ಹಾರುವುದು ಎರಡು ಎಂಜಿನ್ನಿನ ಪುಟ್ಟ ವಿಮಾನ, ಡಾರ್ನಿಯರ್ 228. ಇದೇ ಮಾದರಿಯನ್ನು ಬೆಂಗಳೂರು ಕೇಂದ್ರವಾಗಿರುವ ಎಚ್ಎಎಲ್ ತನ್ನ ಕಾನ್ಪುರದ ಕಾರ್ಖಾನೆಯಲ್ಲಿ ಕಟ್ಟುತ್ತದೆಂಬುದು ನಮಗೆ ಹೆಮ್ಮೆಯ ಮಾತು. ಗಂಟೆಗೆ 350 ಕಿಲೋಮೀಟರ್ ವೇಗ ಹಿಡಿದರೆ 19 ನಿಮಿಷ. ಏರುವುದು, ಇಳಿಯುವುದು ಸೇರಿ 25 ನಿಮಿಷದೊಳಗೆ ಪ್ರಯಾಣ ಮುಗಿಯುತ್ತದೆ.

ಆದರೆ ಅದು ಹವಾಮಾನ ಬಿಟ್ಟುಕೊಟ್ಟರೆ ಮಾತ್ರ. ನೀ-ಓಲೆಸುಂಡಿನ ರನ್‌ವೇ ಜಲ್ಲಿಯದು, ಉದ್ದ ಸುಮಾರು 800 ಮೀಟರ್. ಗಾಳಿ ಅಡ್ಡ ಬೀಸಿದರೆ, ಹಿಮ ಸುರಿದು ಕಣ್ಣು ಕಾಣದಾದರೆ ವಿಮಾನ ಏಳುವುದೇ ಇಲ್ಲ. ದಿನವೂ ಓಡಾಟವಿಲ್ಲದ ಕಾರಣ ಒಂದು ಸರದಿ ತಪ್ಪಿದರೆ ದಿನಗಟ್ಟಲೆ ಕಾಯಬೇಕು. ಆದ್ದರಿಂದ ಅಲ್ಲಿಗೆ ಹೊರಟವರು ಗಡಿಯಾರದ ಜೊತೆಗೆ ಆಕಾಶವನ್ನೂ ನೋಡಬೇಕು.

ಇಷ್ಟು ಕಷ್ಟಪಟ್ಟು ಅಲ್ಲಿಗೆ ಹೋಗುವವರು ಯಾರು? ವಿಜ್ಞಾನಿಗಳು. ಭಾರತದ 'ಹಿಮಾದ್ರಿ' ಸಂಶೋಧನಾ ಕೇಂದ್ರ 2008ರಿಂದ ನೀ-ಓಲೆಸುಂಡಿನಲ್ಲಿದೆ. 2023ರ ಡಿಸೆಂಬರಿನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಹೊರಟಾಗ ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಪಾಲು ಪಡೆದಿತ್ತು. ಅಲ್ಲಿ ಅಕ್ಟೋಬರ್ ಕೊನೆಯಲ್ಲಿ ಮುಳುಗಿದ ಸೂರ್ಯ ಮತ್ತೆ ಕಾಣುವುದು ಫೆಬ್ರವರಿಯಲ್ಲಿ. ಕತ್ತಲಲ್ಲೇ ಇಳಿಯಬೇಕು, ಕತ್ತಲಲ್ಲೇ ದುಡಿಯಬೇಕು.

ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ನಿನ ಕ್ಷೀಣ ರೇಡಿಯೊ ಸಂಕೇತವನ್ನು ರಾಮನ್ ಸಂಸ್ಥೆ 'ಸರಸ್' ಎಂಬ ಉಪಕರಣದಿಂದ ಹುಡುಕುತ್ತಿದೆ. 2020ರಲ್ಲಿ ಅದನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಸಿ ಅಳೆದಿದ್ದರು. ಮೊಬೈಲ್, ಎಫ್‌ಎಂ ಗದ್ದಲವಿಲ್ಲದ ಜಾಗ ಅದಕ್ಕೆ ಬೇಕು. ಸ್ವಾಲ್‌ಬಾರ್ಡಿನಲ್ಲಿ ರೇಡಿಯೊ ಗದ್ದಲ ಎಷ್ಟಿದೆ ಎಂದು ಅಳೆಯುವುದೇ ಆ ಚಳಿಗಾಲದಲ್ಲಿ ಬೆಂಗಳೂರಿನವರು ಕೈಗೆತ್ತಿಕೊಂಡ ಕೆಲಸವಾಗಿತ್ತು.