ಹಾಡಿ ಹೇಳುವ ಚಿತ್ತಾರ: ಇರಾನಿನ ಕೈಗಂಟಿನ ಕಾರ್ಪೆಟ್

ಫೋನಲ್ಲಿ ‘ಪರ್ಷಿಯನ್ ಕಾರ್ಪೆಟ್’ ಅಂತ ಹುಡುಕಿ ನೋಡಿ, ರಾಶಿ ರಾಶಿ ಅಗ್ಗದ ಮಾಲು ಬರುತ್ತೆ. ಅದರಲ್ಲಿ ಹೆಚ್ಚಿನವು ಯಂತ್ರದಲ್ಲಿ ನೇಯ್ದವು, ಇಲ್ಲಾ ಪ್ರಿಂಟ್ ಹೊಡೆದವು. ಚಿತ್ತಾರ ಮಾತ್ರ ಇರಾನಿನದು. ಇವತ್ತು ಆ ಚಿತ್ತಾರದ ಮಾತು.

ನಿಜವಾದ ಕಾರ್ಪೆಟ್‌ನಲ್ಲಿ ಉಣ್ಣೆಯ ಎಳೆಯನ್ನ ಹಾಸಿನ ಎರಡು ದಾರಕ್ಕೆ ಸುತ್ತಿ, ಗಂಟು ಹಾಕಿ ಕತ್ತರಿಸ್ತಾರೆ. ಒಂದು ಗಂಟು ಅಂದ್ರೆ ಒಂದು ಬಣ್ಣದ ಚುಕ್ಕಿ. ನಿಮ್ಮ ಸ್ಕ್ರೀನಿನ ಪಿಕ್ಸೆಲ್ ಇದ್ದ ಹಾಗೆ.

‘ಹೆರಾತಿ’ ಅನ್ನೋ ಚಿತ್ತಾರ ತಗೊಳ್ಳಿ. ನಡುವೆ ಹೂವು, ಸುತ್ತ ಶಂಕರಪೋಳಿ ಆಕಾರದ ಚೌಕಟ್ಟು, ಹೊರಗೆ ಬಾಗಿದ ನಾಲ್ಕು ಎಲೆ. ಆ ಎಲೆಗಳು ಮೀನಿನ ಥರ ಕಾಣ್ತವೆ. ಅದಕ್ಕೇ ಇರಾನಿನಲ್ಲಿ ಇದಕ್ಕೆ ‘ಮಾಹಿ’, ಅಂದ್ರೆ ಮೀನು, ಅಂತಲೂ ಹೆಸರು. ಇನ್ನೊಂದು ‘ಬೋತೆ’, ಅಂದ್ರೆ ಪೊದೆ: ತುದಿ ಬಾಗಿದ ಹನಿಯ ಆಕಾರ. ಅದನ್ನೇ ನಾವು ಸೀರೆ ಅಂಚಿನಲ್ಲಿ ನೋಡಿ ಮಾವಿನಕಾಯಿ ಅಂತೀವಿ. ಇಂಗ್ಲಿಷರು ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಹೆಸರಿಟ್ರು. ಒಂದೇ ಆಕಾರ, ಕಂಡವರ ಕಣ್ಣಿಗೆ ಒಂದೊಂದು! ಹಾಗಾಗಿ ಅಂಗಡಿಯವರು ಪ್ರತಿ ಹೂವಿಗೂ ಒಂದು ಗೂಢಾರ್ಥ ಹೇಳಿದ್ರೆ ನಾನಂತೂ ಪೂರ್ತಿ ನಂಬಲ್ಲ.

ನನಗೆ ಅರ್ಥಕ್ಕಿಂತ ದೊಡ್ಡ ಪ್ರಶ್ನೆ, ಈ ಚಿತ್ತಾರ ಎಲ್ಲಿರುತ್ತೆ ಅನ್ನೋದು. ಕಾಶಾನ್‌ನಂಥ ಪಟ್ಟಣದಲ್ಲಿ ಅದು ಕಾಗದದ ಮೇಲಿರುತ್ತೆ. ಚೌಕುಳಿ ಹಾಳೆಯಲ್ಲಿ ಒಂದು ಮನೆಗೆ ಒಂದು ಗಂಟು. ಕೆಲವು ಕಡೆ ಒಬ್ಬರು ಆ ಹಾಳೆ ನೋಡ್ಕೊಂಡು ‘ಎರಡು ನೀಲಿ, ಒಂದು ಕೆಂಪು’ ಅನ್ನೋ ಹಾಗೆ ರಾಗವಾಗಿ ಕೂಗ್ತಾರೆ, ಮಗ್ಗದ ಮುಂದೆ ಕೂತವರು ಕೇಳ್ತಾ ಗಂಟು ಹಾಕ್ತಾರೆ. ಹೀಗೆ ಕೂಗೋರನ್ನ ‘ನಕ್ಷೆಖಾನ್’ ಅಂತಾರೆ. ನೋಡೋ ಚಿತ್ತಾರ ಅಲ್ಲಿ ಮೊದಲು ಕಿವಿಗೆ ಬೀಳುತ್ತೆ.

ಶಿರಾಜ್ ಸುತ್ತಿನ ಫಾರ್ಸ್ ಪ್ರಾಂತ್ಯದ ಖಶ್ಕಾಯಿ ಅಲೆಮಾರಿ ಹೆಂಗಸರ ಹತ್ರ ಹಾಳೆಯೂ ಇಲ್ಲ. ನೆಲದ ಮೇಲೆ ಮಲಗಿಸಿದ ಮಗ್ಗ, ತಲೆಯಲ್ಲಿರೋ ಚಿತ್ರ, ಅಷ್ಟೇ. ತಾವು ಕಂಡಿದ್ದು, ನೆನಪಿಟ್ಟಿದ್ದು ನೇಯ್ತಾರೆ. ಅದಕ್ಕೇ ಎರಡು ಕಾರ್ಪೆಟ್ ಒಂದೇ ಥರ ಬರಲ್ಲ. ದಾಳಿಂಬೆ ಸಿಪ್ಪೆ, ನೀಲಿ ಗಿಡ, ಮಂಜಿಷ್ಠದ ಬೇರಿನಿಂದ ಬಣ್ಣ. ಕಲಿಯೋದು ಅಮ್ಮನ ಪಕ್ಕ ಕೂತು.

2010ರಲ್ಲಿ ಯುನೆಸ್ಕೊ ಫಾರ್ಸ್, ಕಾಶಾನ್ ಎರಡೂ ಕಡೆಯ ನೇಯ್ಗೆಯನ್ನ ತನ್ನ ಪಟ್ಟಿಗೆ ಸೇರಿಸ್ತು. ಅದೇ ವರ್ಷ ಅಮೆರಿಕ ಇರಾನಿನ ಕಾರ್ಪೆಟ್ ಆಮದು ನಿಲ್ಲಿಸ್ತು. 2016ರಲ್ಲಿ ಬಾಗಿಲು ತೆರೀತು, 2018ರಲ್ಲಿ ಮತ್ತೆ ಮುಚ್ಚಿತು. ಕೊಳ್ಳೋರಿಲ್ಲ ಅಂದ್ರೆ ಮಗಳು ಮಗ್ಗದ ಮುಂದೆ ಯಾಕೆ ಕೂರ್ತಾಳೆ? ಕಾಶಾನ್‌ನ ಹಾಳೆ ಕಪಾಟಲ್ಲಿ ಉಳಿದೀತು. ಖಶ್ಕಾಯಿ ಅಮ್ಮನ ತಲೆಯಲ್ಲಿರೋದಕ್ಕೆ ಅಂಥ ಕಪಾಟಿಲ್ಲ.

ಅಂಗಡಿಗೆ ಹೋದಾಗ ಒಂದು ಕೆಲಸ ಮಾಡಿ, ಕಾರ್ಪೆಟ್ ಮಗುಚಿ ನೋಡಿ. ಕೈಗಂಟಿನದಾದ್ರೆ ಹಿಂಬದಿಯಲ್ಲೂ ಚಿತ್ತಾರ ಸ್ಪಷ್ಟವಾಗಿರುತ್ತೆ, ಸಾಲುಗಳು ತುಸು ಅಂಕುಡೊಂಕು. ತುದಿಯ ಕುಚ್ಚು ಹಾಸಿನ ದಾರದ್ದೇ ಮುಂದುವರಿಕೆ ಆಗಿರಬೇಕು. ಬೇರೆ ತಂದು ಹೊಲಿದಿದ್ರೆ ಅನುಮಾನ ಪಡಿ, ಬೆಲೆ ಆಮೇಲೆ ಕೇಳಿ.